ಒಂದು ಅಂಕದ ವೈಮರ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಎಲ್ಲರ ನೋಟ್ಸ್‌ನಲ್ಲೂ ಆ ಪಟ್ಟಿ ಇರುತ್ತದೆ. ಸಂಸದೀಯ ಪದ್ಧತಿ ಬ್ರಿಟನ್ನಿನಿಂದ, ಮೂಲಭೂತ ಹಕ್ಕುಗಳು ಅಮೆರಿಕದಿಂದ, ರಾಜ್ಯ ನಿರ್ದೇಶಕ ತತ್ವಗಳು ಐರ್ಲೆಂಡಿನಿಂದ, ತಿದ್ದುಪಡಿ ವಿಧಾನ ದಕ್ಷಿಣ ಆಫ್ರಿಕಾದಿಂದ. ಕೊನೆಗೆಲ್ಲೋ ಒಂದು ಸಾಲು: ತುರ್ತು ಪರಿಸ್ಥಿತಿಯಲ್ಲಿ ಮೂಲಭೂತ ಹಕ್ಕುಗಳ ಅಮಾನತು – ಜರ್ಮನಿಯ ವೈಮರ್ ಸಂವಿಧಾನ. ಎಫ್‌ಡಿಎ ಇರಲಿ, ಪಿಡಿಒ ಇರಲಿ, ಪಿಎಸ್‌ಐ ಇರಲಿ, ಈ ಸಾಲು ಯಾವಾಗ ಬೇಕಾದರೂ ಪ್ರಶ್ನೆಯಾಗಿ ಬರಬಹುದು. ಗೊತ್ತಿದ್ದರೆ ಒಂದು ಅಂಕ, ತಪ್ಪಿದರೆ ಕಾಲು ಅಂಕ ಕಟ್.

ಹೊಸಪೇಟೆಯಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ನಾವು ನಾಲ್ವರು ಹುಡುಗಿಯರು ಈ ಪಟ್ಟಿಯನ್ನು ಅಡುಗೆ ಮಾಡುವಾಗಲೂ ಬಾಯಿಪಾಠ ಒಪ್ಪಿಸುತ್ತೇವೆ. ಒಂದು ಸಂಜೆ ನಮ್ಮಲ್ಲೊಬ್ಬಳು ಅನ್ನಕ್ಕೆ ನೀರಿಡುತ್ತಾ ಕೇಳಿದಳು: ‘ಎಲ್ಲ ದೇಶದಿಂದ ಒಳ್ಳೇದು ತಗೊಂಡ್ವಿ ಅಂತಾರೆ. ಹಿಟ್ಲರ್ ದೇಶದಿಂದ ಇದನ್ಯಾಕೆ ತಗೊಂಡ್ರು?’ ಉತ್ತರ ಯಾರಿಗೂ ಗೊತ್ತಿರಲಿಲ್ಲ. ನೋಟ್ಸ್‌ನಲ್ಲಿ ‘ಯಾಕೆ’ಗೆ ಜಾಗವಿಲ್ಲ. ಬಿ.ಎ.ಯಲ್ಲಿ ಇತಿಹಾಸ ಓದಿದವಳು ನಾನೊಬ್ಬಳೇ ಆದ್ದರಿಂದ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ಗ್ರಂಥಾಲಯದಲ್ಲಿ ಎರಡು ವಾರ ಹೋಯಿತು. ಆ ಎರಡು ವಾರದ ಸಿಲೆಬಸ್ ಹಿಂದೆ ಬಿದ್ದಿದೆ, ಇರಲಿ.

ಮೊದಲಿಗೆ, ವೈಮರ್ ಹಿಟ್ಲರನದಲ್ಲ. ಮೊದಲ ಮಹಾಯುದ್ಧದಲ್ಲಿ ಸೋತು ಚಕ್ರವರ್ತಿ ಓಡಿಹೋದ ಮೇಲೆ, 1919ರಲ್ಲಿ ಜರ್ಮನರು ಬರೆದುಕೊಂಡ ಪ್ರಜಾಪ್ರಭುತ್ವದ ಸಂವಿಧಾನ ಅದು. ಬರ್ಲಿನ್‌ನಲ್ಲಿ ಗಲಭೆ ಇದ್ದುದರಿಂದ ವೈಮರ್ ಎಂಬ ಸಣ್ಣ ಊರಿನಲ್ಲಿ ಸಭೆ ಸೇರಿದರು, ಹಾಗಾಗಿ ಆ ಹೆಸರು. ಹೆಂಗಸರಿಗೂ ಮತದ ಹಕ್ಕು, ವಾಕ್ ಸ್ವಾತಂತ್ರ್ಯ, ಸಂಘಟನೆಯ ಸ್ವಾತಂತ್ರ್ಯ ಎಲ್ಲ ಇತ್ತು. ಜೊತೆಗೆ 48ನೇ ವಿಧಿಯೂ ಇತ್ತು. ಸಾರ್ವಜನಿಕ ಶಾಂತಿಗೆ ಅಪಾಯ ಬಂದಾಗ ಅಧ್ಯಕ್ಷರು ಸುಗ್ರೀವಾಜ್ಞೆಯಿಂದ ಆಳಬಹುದು, ಏಳು ಮೂಲಭೂತ ಹಕ್ಕುಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಬಹುದು ಎನ್ನುತ್ತಿತ್ತು ಆ ವಿಧಿ. ಬರೆದವರು ಕೆಟ್ಟವರಲ್ಲ. ದೇಶ ಆಗಷ್ಟೇ ಹುಟ್ಟಿತ್ತು, ಬೀದಿಯಲ್ಲಿ ಗುಂಡು ಹಾರುತ್ತಿತ್ತು.

1923ರಲ್ಲಿ ಅವರ ಹಣ ಸತ್ತುಹೋಯಿತು. ಆ ವರ್ಷದ ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಜೀವಮಾನವಿಡೀ ಬ್ಯಾಂಕಿನಲ್ಲಿ ಕೂಡಿಟ್ಟವರ ದುಡ್ಡು ಒಂದು ಬ್ರೆಡ್ಡಿಗೂ ಸಾಲದಾಯಿತು. ಆದರೂ ಆಗ ಪ್ರಜಾಪ್ರಭುತ್ವ ಬೀಳಲಿಲ್ಲ. ಹೊಸ ನಾಣ್ಯ ತಂದರು, ಅಮೆರಿಕದಿಂದ ಸಾಲ ಬಂತು, ನಾಲ್ಕೈದು ವರ್ಷ ಚೆನ್ನಾಗಿಯೇ ನಡೆಯಿತು. 1928ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇ 2.6 ಮತ, 12 ಸೀಟು. ಹಿಟ್ಲರ್ ಹುಟ್ಟಿದ್ದರಿಂದ ಎಲ್ಲವೂ ಆಯಿತು ಎಂದು ನಂಬಿರುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಅದೇ ಹಿಟ್ಲರ್, ಅದೇ ಭಾಷಣ, ಅದೇ ದ್ವೇಷ, ಕೇಳುವವರು ಇರಲಿಲ್ಲ.

ಮುಂದಿನದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯವರಿಗೆ ಪುಸ್ತಕ ಬೇಕಿಲ್ಲ, ಲಾರಿ ಸಾಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ನಾನು ಶಾಲೆಯಲ್ಲಿದ್ದೆ. ನಿಲ್ಲಿಸಿದ್ದು ತಪ್ಪೆಂದು ಸಂಡೂರಿನ ಗುಡ್ಡಗಳನ್ನು ನೋಡಿದವರು ಯಾರೂ ಹೇಳಲಾರರು. ಆದರೆ ಸಾಲದ ಮೇಲೆ ಲಾರಿ ತೆಗೆದವರ ಮನೆಗಳಲ್ಲಿ ಏನಾಯಿತು ಎಂಬುದೂ ನಮಗೆ ಗೊತ್ತು. ಅದಿರು ಹೊತ್ತು ಓಡುತ್ತಿದ್ದ ಲಾರಿಗಳು ರಸ್ತೆ ಬದಿಯಲ್ಲಿ ಸಾಲಾಗಿ ನಿಂತವು. ಡ್ರೈವರ್, ಕ್ಲೀನರ್, ಪಂಕ್ಚರ್ ಅಂಗಡಿ, ಡಾಬಾ, ಒಂದರ ಹಿಂದೆ ಒಂದು ನಿಂತವು. ಕಂತು ಮಾತ್ರ ನಿಲ್ಲಲಿಲ್ಲ. ನಮ್ಮ ಓಣಿಯಲ್ಲೇ ಫೈನಾನ್ಸ್‌ನವರು ಬಂದು ಎರಡು ಲಾರಿ ಎಳೆದುಕೊಂಡು ಹೋದರು. ಅಷ್ಟು ದಿನ ಒಟ್ಟಿಗೆ ಚಹಾ ಕುಡಿಯುತ್ತಿದ್ದ ಗಂಡಸರು ‘ಇದಕ್ಕೆಲ್ಲ ಕಾರಣ ಯಾರು’ ಎಂದು ಹೆಸರು ಹುಡುಕತೊಡಗಿದರು. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಹೆಸರು, ಒಂದೊಂದು ಜಾತಿ, ಒಂದೊಂದು ಊರು.

1929ರಲ್ಲಿ ನ್ಯೂಯಾರ್ಕ್‌ನ ಷೇರು ಮಾರುಕಟ್ಟೆ ಕುಸಿದಾಗ ಜರ್ಮನಿ ಆ ಲಾರಿಯಾಯಿತು. ಕೊಟ್ಟ ಸಾಲವನ್ನು ಅಮೆರಿಕದವರು ವಾಪಸ್ ಕೇಳಿದರು. ಕಾರ್ಖಾನೆಗಳು ನಿಂತವು. 1932ರ ಆರಂಭಕ್ಕೆ ನೋಂದಾಯಿತ ನಿರುದ್ಯೋಗಿಗಳೇ 60 ಲಕ್ಷ ದಾಟಿದ್ದರು. ಪದವಿ ಪಡೆದು ಕೆಲಸ ಸಿಗದವರ ಸಾಲು ಉದ್ದವಾಯಿತು. ನಾಜಿಗಳ ಸೀಟು 1930ರಲ್ಲಿ 107, 1932ರ ಜುಲೈನಲ್ಲಿ 230. ಮತ ಶೇ 37.3. ಮುಕ್ತ ಚುನಾವಣೆಯಲ್ಲಿ ಅವರಿಗೆ ಸಿಕ್ಕ ಅತಿ ಹೆಚ್ಚು ಮತ ಅಷ್ಟೇ. ಬಹುಮತ ಎಂದೂ ಬರಲಿಲ್ಲ. ಅದೇ ನವೆಂಬರಿನ ಚುನಾವಣೆಯಲ್ಲಿ 196ಕ್ಕೆ ಇಳಿದರು ಕೂಡ.

ಹಾಗಿದ್ದರೆ ಅಧಿಕಾರ ಹೇಗೆ ಸಿಕ್ಕಿತು? ಇಲ್ಲಿ ನಮ್ಮ ಒಂದು ಅಂಕದ ಸಾಲು ಬರುತ್ತದೆ. 1930ರಿಂದಲೇ ಸಂಸತ್ತಿನಲ್ಲಿ ಯಾರಿಗೂ ಬಹುಮತ ಕೂಡಿಬರುತ್ತಿರಲಿಲ್ಲ. ಪ್ರಧಾನಿಗಳು (ಅಲ್ಲಿ ಚಾನ್ಸಲರ್ ಎನ್ನುತ್ತಾರೆ) 48ನೇ ವಿಧಿಯಡಿ ಅಧ್ಯಕ್ಷ ಹಿಂಡೆನ್‌ಬರ್ಗ್ ಕೈಯಲ್ಲಿ ಸಹಿ ಹಾಕಿಸಿ ಸುಗ್ರೀವಾಜ್ಞೆಯಿಂದಲೇ ಆಡಳಿತ ನಡೆಸಿದರು. 1932ರಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ಬರೀ 5. ಸುಗ್ರೀವಾಜ್ಞೆಗಳು ಅದರ ಹತ್ತು ಪಟ್ಟಿಗೂ ಹೆಚ್ಚು. ಹಿಟ್ಲರ್ ಬರುವ ಮುನ್ನವೇ ಜನಕ್ಕೆ ಸಂಸತ್ತಿಲ್ಲದೆ ಬದುಕುವುದು ರೂಢಿಯಾಗಿತ್ತು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಹೆದರಿಕೆ ಹುಟ್ಟಿಸಿದ ಭಾಗ ಇದೇ, ಇದರಲ್ಲಿ ರಾಕ್ಷಸರು ಯಾರೂ ಇಲ್ಲ.

1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದ, ಕಾನೂನುಬದ್ಧವಾಗಿಯೇ. ತಾವು ಅವನನ್ನು ಹತೋಟಿಯಲ್ಲಿ ಇಡುತ್ತೇವೆ ಎಂದುಕೊಂಡಿದ್ದ ದೊಡ್ಡ ಮನೆತನದ ರಾಜಕಾರಣಿಗಳೇ ಅವನನ್ನು ಕರೆತಂದರು. ಫೆಬ್ರುವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ 48ನೇ ವಿಧಿಯಡಿ ಸುಗ್ರೀವಾಜ್ಞೆ: ವ್ಯಕ್ತಿ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು, ಅಂಚೆಯ ಗೋಪ್ಯತೆ, ಎಲ್ಲ ಅಮಾನತು. ‘ಮುಂದಿನ ಆದೇಶದವರೆಗೆ’ ಎಂದಿತ್ತು. ಆ ಮುಂದಿನ ಆದೇಶ ಬರಲು 1945 ಆಗಬೇಕಾಯಿತು. ಮಾರ್ಚ್ 23ರಂದು ಸಂಸತ್ತೇ ತನ್ನ ಅಧಿಕಾರವನ್ನು ಸರ್ಕಾರಕ್ಕೆ ಬರೆದುಕೊಟ್ಟಿತು. ಪರ 444, ವಿರುದ್ಧ 94. ಕಮ್ಯುನಿಸ್ಟ್ ಸದಸ್ಯರು ಅಷ್ಟರಲ್ಲಿ ಜೈಲಿನಲ್ಲೋ ತಲೆಮರೆಸಿಕೊಂಡೋ ಇದ್ದರು. ಸಭಾಂಗಣದೊಳಗೆ ಸಮವಸ್ತ್ರದ ನಾಜಿ ಪಡೆ ನಿಂತಿತ್ತು. ಅದರ ನಡುವೆ ಎದ್ದು ನಿಂತು ‘ಇಲ್ಲ’ ಎಂದು ಮಾತನಾಡಿದ್ದು ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಆಟೊ ವೆಲ್ಸ್. ಆ 94 ಮತಗಳೂ ಆ ಪಕ್ಷದವೇ. ವೈಮರ್ ಸಂವಿಧಾನವನ್ನು ಹಿಟ್ಲರ್ ಕೊನೆಯವರೆಗೂ ರದ್ದು ಮಾಡಲಿಲ್ಲ, ಅಗತ್ಯವೇ ಬೀಳಲಿಲ್ಲ.

ಸರ್ಕಾರಿ ನೌಕರಿ ಹುಡುಕುವ ನಮ್ಮಂಥವರು ಓದಬೇಕಾದದ್ದು ಇದರ ನಂತರದ್ದು. 1933ರ ಏಪ್ರಿಲ್ 7ರಂದು ಒಂದು ಕಾನೂನು ಬಂತು. ಹೆಸರು ಕೇಳಿ: ವೃತ್ತಿಪರ ನಾಗರಿಕ ಸೇವೆಯ ಪುನಃಸ್ಥಾಪನಾ ಕಾನೂನು. ಕೇಳಿದರೆ ನೇಮಕಾತಿ ಸುಧಾರಣೆ ಅನ್ನಿಸುತ್ತದೆ. ಒಳಗಿದ್ದದ್ದು ಯಹೂದಿಯರನ್ನೂ ಸರ್ಕಾರದ ರಾಜಕೀಯ ವಿರೋಧಿಗಳನ್ನೂ ಸರ್ಕಾರಿ ಕೆಲಸದಿಂದ ತೆಗೆಯುವ ಆದೇಶ. ಶಿಕ್ಷಕರು, ನ್ಯಾಯಾಧೀಶರು, ಪ್ರಾಧ್ಯಾಪಕರು ಮನೆಗೆ ಹೋದರು. ಅವರು ಹೋದ ಕುರ್ಚಿಗಳು ಖಾಲಿ ಉಳಿಯಲಿಲ್ಲ. ಅವಕ್ಕಾಗಿ ವರ್ಷಗಟ್ಟಲೆ ಕಾದಿದ್ದ, ಓದಿದ, ಬಡ, ಒಳ್ಳೆಯ ಹುಡುಗರು ಬಂದು ಕೂತರು. ಆ ಹುಡುಗರ ಮನೆಗಳಲ್ಲಿ ಅವತ್ತು ಸಿಹಿ ಮಾಡಿರಲಿಕ್ಕಿಲ್ಲವೇ?

ಡ್ರೆಸ್ಡನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿಕ್ಟರ್ ಕ್ಲೆಂಪರರ್ ಎಂಬ ಪ್ರಾಧ್ಯಾಪಕರಿದ್ದರು. ಯಹೂದಿ ಮನೆತನದವರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡಿದ್ದರಿಂದ 1933ರಲ್ಲಿ ವಿನಾಯಿತಿ ಸಿಕ್ಕಿತು, 1935ರಲ್ಲಿ ಅದೂ ಹೋಯಿತು. ಆಮೇಲೆ ಒಂದೊಂದಾಗಿ ಗ್ರಂಥಾಲಯ, ಕಾರು, ಮನೆ, ಟೈಪ್‌ರೈಟರ್, ಸಾಕಿದ ಬೆಕ್ಕು ಕೂಡ ಹೋದವು. ಯಹೂದಿಯರು ಸಾಕುಪ್ರಾಣಿ ಇಟ್ಟುಕೊಳ್ಳಬಾರದು ಎಂದು ಆದೇಶ ಬಂದಿತ್ತು. ಅವರು ಬದುಕಿ ಉಳಿದದ್ದು ಮುಖ್ಯವಾಗಿ ಹೆಂಡತಿ ಯಹೂದಿಯಲ್ಲದ ಕಾರಣ, ಮತ್ತು ಆಕೆ ಗಂಡನನ್ನು ಬಿಡಲು ಒಪ್ಪದ ಕಾರಣ. ಪ್ರತಿಯೊಂದನ್ನೂ ಅವರು ಗುಟ್ಟಾಗಿ ದಿನಚರಿಯಲ್ಲಿ ಬರೆದಿಟ್ಟರು. ಆ ಹಾಳೆಗಳನ್ನು ಬಚ್ಚಿಡಲು ಬೇರೊಬ್ಬರ ಮನೆಗೆ ಹೊತ್ತೊಯ್ಯುತ್ತಿದ್ದದ್ದೂ ಆ ಹೆಂಡತಿ ಇವಾ ಅವರೇ.

ಇನ್ನು ಹುಡುಗಿಯರಿಗೆ. 1933ರ ಜೂನ್‌ನಲ್ಲಿ ಮದುವೆ ಸಾಲದ ಯೋಜನೆ ಬಂತು. ಹೊಸ ಜೋಡಿಗೆ 1,000 ಮಾರ್ಕ್‌ವರೆಗೆ ಸಾಲ. ಷರತ್ತು ಏನೆಂದರೆ, ಹೆಂಡತಿ ಕೆಲಸ ಬಿಡಬೇಕು. ಮಗುವಿಗೊಂದರಂತೆ ಸಾಲದ ಕಾಲು ಭಾಗ ಮನ್ನಾ. ಮರುವರ್ಷ ವಿಶ್ವವಿದ್ಯಾಲಯಗಳಿಗೆ ಸೇರುವ ಹೊಸಬರಲ್ಲಿ ಹುಡುಗಿಯರು ನೂರಕ್ಕೆ 10 ಮೀರಬಾರದು ಎಂದು ಮಿತಿ ಹಾಕಿದರು. 1936ರ ಹೊತ್ತಿಗೆ ಹೆಣ್ಣುಮಕ್ಕಳು ನ್ಯಾಯಾಧೀಶರಾಗುವಂತಿರಲಿಲ್ಲ. ‘ಹಿಟ್ಲರ್ ನಿರುದ್ಯೋಗ ನಿವಾರಿಸಿದ’ ಎಂದು ಈಗಲೂ ಕೆಲವರು ಹೇಳುತ್ತಾರೆ. ಕೆಲಸ ಬಿಟ್ಟ ಹೆಂಗಸರು, ಕೆಲಸ ಕಳೆದುಕೊಂಡ ಯಹೂದಿಯರು, ಬ್ಯಾರಕ್ಕಿಗೆ ಹೋದ ಹುಡುಗರು, ಇವರಾರೂ ನಿರುದ್ಯೋಗಿಗಳ ಪಟ್ಟಿಯಲ್ಲಿ ಇರಲಿಲ್ಲ. ಆಮೇಲೆ ಶಸ್ತ್ರ ತಯಾರಿಕೆ ಶುರುವಾಯಿತು. ಕೆಲಸ ಸಿಕ್ಕಿದ್ದು ನಿಜ. ಮಾಡಿದ ಕೆಲಸದ ಫಲ 1939ರ ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೆ ಬಿತ್ತು.

ವಿದ್ಯಾರ್ಥಿಗಳು ಏನು ಮಾಡಿದರು ಎಂದು ನೀವು ಕೇಳಬಹುದು. 1933ರ ಮೇ 10ರಂದು ಬರ್ಲಿನ್ ಮತ್ತು ಇತರ ಊರುಗಳಲ್ಲಿ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟದ್ದು ಪೊಲೀಸರಲ್ಲ, ವಿದ್ಯಾರ್ಥಿ ಸಂಘದವರು. ಹತ್ತು ವರ್ಷ ಬಿಟ್ಟು, 1943ರ ಫೆಬ್ರುವರಿ 18ರಂದು ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಯುದ್ಧದ ವಿರುದ್ಧ ಕರಪತ್ರ ಹಂಚಿ ಸಿಕ್ಕಿಬಿದ್ದವರೂ ವಿದ್ಯಾರ್ಥಿಗಳೇ. ಹಾನ್ಸ್ ಶೋಲ್ ಮತ್ತು ಅವನ ತಂಗಿ ಸೋಫಿ. ನಾಲ್ಕೇ ದಿನದಲ್ಲಿ ವಿಚಾರಣೆ ಮುಗಿಸಿ ತಲೆ ಕಡಿದರು. ಸೋಫಿಗೆ 21 ವರ್ಷ. ಅಷ್ಟರಲ್ಲಿ ಯುರೋಪಿನ ಯಹೂದಿಯರನ್ನು ರೈಲುಗಳಲ್ಲಿ ತುಂಬಿ ಸಾಗಿಸುವುದು ನಡೆದೇ ಇತ್ತು. ಕೊಂದವರ ಲೆಕ್ಕ ಸುಮಾರು 60 ಲಕ್ಷ. ರೈಲಿನ ವೇಳಾಪಟ್ಟಿ ಬರೆದವರು, ಟಿಕೆಟ್ ದರ ಲೆಕ್ಕ ಹಾಕಿದವರು ಗುಮಾಸ್ತರು. 1934ರಿಂದ ಅವರ ಪ್ರಮಾಣವಚನ ಬದಲಾಗಿತ್ತು. ಮೊದಲು ಸಂವಿಧಾನಕ್ಕೆ ನಿಷ್ಠೆ ಎನ್ನುತ್ತಿದ್ದವರು ಆಮೇಲೆ ಅಡಾಲ್ಫ್ ಹಿಟ್ಲರ್ ಎಂಬ ಹೆಸರು ಹೇಳಿ ನಿಷ್ಠೆ ಒಪ್ಪಿಸಬೇಕಿತ್ತು.

ಸರಿ, ಇಷ್ಟೆಲ್ಲ ಆದ ಮೇಲೂ ನಮ್ಮವರು ಅದನ್ನು ಯಾಕೆ ತೆಗೆದುಕೊಂಡರು? ಈ ಪ್ರಶ್ನೆಯನ್ನು ನನ್ನ ಗೆಳತಿಗಿಂತ ಮೊದಲು ಕೇಳಿದವರೊಬ್ಬರಿದ್ದಾರೆ, ಅವರೂ ನಮ್ಮ ನಾಡಿನಲ್ಲೇ ಹುಟ್ಟಿದವರು. ಮಂಗಳೂರಿನ ಹರಿ ವಿಷ್ಣು ಕಾಮತ್. ಐಸಿಎಸ್ ಪಾಸು ಮಾಡಿ, 1938ರಲ್ಲಿ ಆ ನೌಕರಿ ಬಿಟ್ಟು ಸುಭಾಷ್‌ಚಂದ್ರ ಬೋಸರ ಜೊತೆ ಹೋದವರು. (ನೌಕರಿ ಬಿಟ್ಟವರ ಬಗ್ಗೆ ಓದಿದಾಗಲೆಲ್ಲ ನಮ್ಮ ರೂಮಿನಲ್ಲಿ ಒಂದು ನಿಟ್ಟುಸಿರು ಕೇಳುತ್ತದೆ.) ಸಂವಿಧಾನ ರಚನಾ ಸಭೆಯಲ್ಲಿ 1949ರ ಆಗಸ್ಟ್‌ನಲ್ಲಿ ತುರ್ತು ಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದಾಗ ಅವರು ವೈಮರ್ ಹೆಸರನ್ನೇ ಎತ್ತಿದರು. ಪ್ರಜಾಪ್ರಭುತ್ವ ದೇಶಗಳ ಸಂವಿಧಾನಗಳಲ್ಲಿ ಇದಕ್ಕೆ ಹತ್ತಿರದ್ದು ಎಲ್ಲೂ ಸಿಗುವುದಿಲ್ಲ, ಸಿಕ್ಕಿದ್ದು ವೈಮರ್‌ನಲ್ಲಿ, ಅದನ್ನು ಬಳಸಿಕೊಂಡೇ ಹಿಟ್ಲರ್ ಆ ಸಂವಿಧಾನವನ್ನು ಮುಗಿಸಿದ ಎಂಬುದು ಅವರ ವಾದದ ಸಾರ. ಹಕ್ಕುಗಳ ಅಮಾನತಿನ ವಿಧಿ ಪಾಸಾದ ದಿನ ಅವರು ಅದನ್ನು ದುಃಖದ, ನಾಚಿಕೆಯ ದಿನವೆಂದು ಸಭೆಯಲ್ಲೇ ಹೇಳಿದರು. ಜರ್ಮನರು ಅದೇ ವರ್ಷದ ಮೇನಲ್ಲಿ ಹೊಸ ಸಂವಿಧಾನ ಬರೆದುಕೊಂಡಿದ್ದರು. ಅದರ ಮೊದಲನೇ ವಿಧಿ ಮನುಷ್ಯನ ಘನತೆಯದು; 48ನೇ ವಿಧಿಯಂಥದ್ದನ್ನು ಅವರು ಕೈಬಿಟ್ಟಿದ್ದರು.

ಆದರೆ ಎದುರು ಬದಿಯವರ ಭಯವೂ ಸುಳ್ಳಲ್ಲ. ಹೊಸಪೇಟೆಯವರಿಗೆ ಅದು ಬೇಗ ಅರ್ಥವಾಗುತ್ತದೆ. ಅಂದು ತುಂಗಭದ್ರೆಯ ಈ ದಡ ಮದರಾಸು ಪ್ರಾಂತ್ಯ, ಆ ದಡದ ಗಂಗಾವತಿ, ಕೊಪ್ಪಳ ನಿಜಾಮನ ಆಡಳಿತ. ರಜಾಕಾರರ ಹಾವಳಿಗೆ ಹೆದರಿ ಹೊಳೆ ದಾಟಿ ಬಂದವರ ಮೊಮ್ಮಕ್ಕಳು ಇಲ್ಲಿ ಈಗಲೂ ಇದ್ದಾರೆ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿಗೆ ಸೈನ್ಯ ಹೋಗಿ ಒಂದು ವರ್ಷವೂ ಆಗಿರಲಿಲ್ಲ. ವಿಭಜನೆಯ ರಕ್ತ ಆರಿರಲಿಲ್ಲ. ದೇಶ ಒಡೆದೀತೆಂಬ ಭಯದಲ್ಲಿ ಬರೆದ ವಿಧಿಗಳು ಅವು. 1919ರ ಜರ್ಮನರೂ ಹಾಗೇ ಬರೆದಿದ್ದರಲ್ಲವೇ?

ಕಾಮತ್ ಹೇಳಿ 26 ವರ್ಷಕ್ಕೆ, 1975ರ ಜೂನ್ 25ರ ರಾತ್ರಿ, ‘ಆಂತರಿಕ ಕ್ಷೋಭೆ’ಯ ಹೆಸರಿನಲ್ಲಿ ತುರ್ತು ಪರಿಸ್ಥಿತಿಗೆ ರಾಷ್ಟ್ರಪತಿಗಳ ಸಹಿ ಬಿತ್ತು. ಕೇಂದ್ರ ಸಂಪುಟಕ್ಕೆ ತಿಳಿದದ್ದು ಮರುದಿನ ಬೆಳಿಗ್ಗೆ. ಅದೇ ಬೆಳಿಗ್ಗೆ ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಬಂಧಿಸಿ ಸೆಂಟ್ರಲ್ ಜೈಲಿಗೆ ಒಯ್ದರು. ಈಗ ಫ್ರೀಡಂ ಪಾರ್ಕ್ ಇರುವ ಜಾಗ ಅದು. ನಾವು ನೇಮಕಾತಿ ವಿಳಂಬದ ವಿರುದ್ಧ ಧರಣಿ ಕೂರಲು ಬಸ್ಸು ಹತ್ತಿ ಹೋಗುವುದೂ ಅಲ್ಲಿಗೇ. ‘ಸಂಸ್ಕಾರ’ ಸಿನಿಮಾದ ಚಂದ್ರಿ, ಸ್ನೇಹಲತಾ ರೆಡ್ಡಿ, 1976ರ ಮೇ ತಿಂಗಳಿಂದ ಅದೇ ಜೈಲಿನಲ್ಲಿದ್ದರು. ಆಸ್ತಮಾ ಇದ್ದ ಹೆಂಗಸು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ, 20ನೇ ತಾರೀಖು ತೀರಿಕೊಂಡರು.

ಬಂಧನದಲ್ಲಿದ್ದವರ ಅರ್ಜಿ ಕೇಳಬಹುದು ಎಂದು ಹೇಳಿದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ 4–1ರಿಂದ ಅದನ್ನು ತಳ್ಳಿಹಾಕಿತು. ಆ ಒಬ್ಬರು ಎಚ್.ಆರ್. ಖನ್ನಾ, ಮುಖ್ಯ ನ್ಯಾಯಮೂರ್ತಿಯ ಹುದ್ದೆ ಅವರ ಕೈತಪ್ಪಿತು. ಆ ತೀರ್ಪನ್ನು ಕೊನೆಗೂ ಅಳಿಸಿದ್ದು 2017ರ ಖಾಸಗಿತನದ ತೀರ್ಪು. ಆ ಪ್ರಕರಣದ ಅರ್ಜಿದಾರರು ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ನಡುವೆ 1978ರ 44ನೇ ತಿದ್ದುಪಡಿ: ‘ಆಂತರಿಕ ಕ್ಷೋಭೆ’ ಹೋಗಿ ‘ಸಶಸ್ತ್ರ ಬಂಡಾಯ’ ಬಂತು, ಸಂಪುಟದ ಲಿಖಿತ ಸಲಹೆ ಕಡ್ಡಾಯವಾಯಿತು, 20 ಮತ್ತು 21ನೇ ವಿಧಿಗಳನ್ನು ಅಮಾನತು ಮಾಡುವಂತಿಲ್ಲ ಎಂದಾಯಿತು. ಇವೂ ಒಂದೊಂದು ಅಂಕದವೇ, ನೋಟ್ ಮಾಡಿಕೊಳ್ಳಿ.

ನಮ್ಮ ತುರ್ತು ಪರಿಸ್ಥಿತಿಯನ್ನು ನಾಜಿ ಆಡಳಿತಕ್ಕೆ ಸಮ ಎಂದು ನಾನು ಹೇಳುತ್ತಿಲ್ಲ. 21 ತಿಂಗಳ ನಂತರ ಇಲ್ಲಿ ಚುನಾವಣೆ ನಡೆಯಿತು, ಆಳುತ್ತಿದ್ದವರು ಸೋತರು, ಸೋತವರು ಕುರ್ಚಿ ಬಿಟ್ಟು ಎದ್ದರು. ಜರ್ಮನಿಯಲ್ಲಿ ಅದು ಆಗಲಿಲ್ಲ. ಆದರೆ ಕರ್ನಾಟಕದಲ್ಲಿ ಆಗ 28 ಸೀಟುಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು ಎಂದು ಓದಿದಾಗ ನನಗೆ ತಾತನ ನೆನಪಾಯಿತು.

ನಮ್ಮ ತಾತ ಕಂಪ್ಲಿ ಹತ್ತಿರದ ಹಳ್ಳಿಯವರು. ಬೇರೆಯವರ ಗದ್ದೆಯನ್ನು ಕೋರಿಗೆ ಮಾಡುತ್ತಿದ್ದವರು. ಬೆಳೆದ ನೆಲ್ಲಿನಲ್ಲಿ ಅರ್ಧ ಒಡೆಯರ ಮನೆಗೆ. ದೇವರಾಜ ಅರಸರ ಕಾಲದಲ್ಲಿ ಫಾರಂ ನಂಬರ್ 7 ತುಂಬಿ, ಭೂ ನ್ಯಾಯಮಂಡಳಿಗೆ ಓಡಾಡಿ, ಎರಡೂವರೆ ಎಕರೆ ತಮ್ಮ ಹೆಸರಿಗೆ ಮಾಡಿಸಿಕೊಂಡವರು. ಆಗ ಕಂಪ್ಲಿ ಹೊಸಪೇಟೆ ತಾಲ್ಲೂಕಿನಲ್ಲೇ ಇತ್ತು. ಆ ಗದ್ದೆಯಿಂದಲೇ ನಾನು ಬಿ.ಎ. ಓದಿದ್ದು, ಈ ರೂಮಿನ ಬಾಡಿಗೆ ಕಟ್ಟುವುದು. ಊರಿಗೆ ಹೋದಾಗ ಕೇಳಿದೆ.

‘ಎಮರ್ಜೆನ್ಸ್ಯಾಗೇ ನೋಡವ್ವ ನಮಗ ಹೊಲ ಬಂದಿದ್ದು’ ಅಂದರು. ‘ಆಫೀಸಿನೋರು ಟೈಮಿಗೆ ಬರ್ತಿದ್ರು. ರೈಲು ಟೈಮಿಗೆ ಬರ್ತಿದ್ವು.’

‘ಜೈಲಿಗೆ ಹಾಕಿದ್ರಂತಲ್ಲ ತಾತ, ಲಕ್ಷಕ್ಕಿಂತ ಹೆಚ್ಚು ಜನಾನ?’

‘ಹಾಕಿರಬೇಕು. ನಮ್ಮೂರಾಗ ಯಾರ್ನೂ ಹಾಕ್ಲಿಲ್ಲ. ಪೇಪರಿನ್ಯಾಗ ಬರ್ಲಿಲ್ಲಂದ ಮ್ಯಾಲೆ ನಮಗ ಹೆಂಗ ಗೊತ್ತಾಗಬೇಕು?’

ಪೇಪರಿನಲ್ಲಿ ಬರದಂತೆ ನೋಡಿಕೊಂಡಿದ್ದರು ಎಂಬುದನ್ನು ನಾನು ಹೇಳಿದೆ. ತಾತ ತಲೆಯಾಡಿಸಿದರು, ಹೌದು ಅಂತಲೋ ಇಲ್ಲ ಅಂತಲೋ ತಿಳಿಯಲಿಲ್ಲ. ಜರ್ಮನಿಯಲ್ಲೂ ಹೀಗೇ ಒಂದು ನೆನಪು ಉಳಿದಿದೆ: ಏನೇ ಅನ್ನಿ, ಹಿಟ್ಲರ್ ದೊಡ್ಡ ದೊಡ್ಡ ಹೆದ್ದಾರಿ ಮಾಡಿಸಿದ ಅಂತ. ಕಲೋನ್ ಮತ್ತು ಬಾನ್ ನಡುವಿನ ಆಟೊಬಾನ್ ಉದ್ಘಾಟನೆಯಾದದ್ದು 1932ರ ಆಗಸ್ಟ್‌ನಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬರುವ ಮುನ್ನ. ಉದ್ಘಾಟಿಸಿದ್ದು ಕಲೋನ್ ಮೇಯರ್ ಕಾನ್ರಾಡ್ ಅಡೆನಾವರ್. ನಾಜಿಗಳು ಬಂದ ಮೇಲೆ ಅವರ ಮೇಯರ್ ಹುದ್ದೆ ಹೋಯಿತು; ಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದರು.

ನಮ್ಮ ಭೂಸುಧಾರಣೆಯ ತಿದ್ದುಪಡಿಯೂ ಹಾಗೇ. ವಿಧಾನಸಭೆಯಲ್ಲಿ ಚರ್ಚೆಯಾಗಿ, ವಿರೋಧ ಎದುರಿಸಿ, ಪಾಸಾಗಿ ಅದು ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ತುರ್ತು ಪರಿಸ್ಥಿತಿಗೆ ಇನ್ನೂ 15 ತಿಂಗಳಿತ್ತು. ಇದನ್ನು ಹೇಳಿದಾಗ ತಾತ ಎದ್ದು ಒಳಗೆ ಹೋಗಿ ಟ್ರಂಕಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಆದೇಶದ ಪ್ರತಿ ತಂದರು. ಮಡಿಕೆಗಳಲ್ಲಿ ಹರಿದಿತ್ತು, ಮೂಲೆಯಲ್ಲಿ ಗೆದ್ದಲು ತಿಂದಿತ್ತು. ‘ತಾರೀಖು ನೋಡವ್ವ, ನಿನ್ನ ಕಣ್ಣು ಚಲೋ ಅದಾವ’ ಅಂದರು. ಬೆಳಕಿಗೆ ಹಿಡಿದು ಓದಿದೆ. ತಿಂಗಳು ಅಳಿಸಿತ್ತು, ಇಸವಿ ಸ್ಪಷ್ಟವಾಗಿತ್ತು: 1978.

‘ಎಮರ್ಜೆನ್ಸಿ ಮುಗಿದು ವರ್ಷ ಆಗಿತ್ತು ತಾತ.’

ಅವರು ಪ್ರತಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ ನೋಡಿ, ಮತ್ತೆ ಕವರಿಗೆ ಹಾಕಿದರು. ‘ಹೌದೇನು? ನಂಗ ಮಾತ್ರ ಆಗ ಬಂದಂಗೇ ನೆನಪೈತಿ’ ಅಂದರು.